ರಬ್ಬರ್ ಹಾಳೆಯೊಳಗೆ ಗಾಳಿ ಕೂರಿಸಿ ನೀರೊಳಗಿನ ಸದ್ದು ತಗ್ಗಿಸಿದ್ದು

ನೀರೊಳಗೆ ಸದ್ದು ತಡೆಯಲು ಮೆತ್ತನೆಯ ರಬ್ಬರ್ ಇಟ್ಟರೆ ಸಾಕು ಅಂತ ಹಲವರು ಅಂದುಕೊಳ್ಳುತ್ತಾರೆ. ಸಾಲದು. ಸಿಲಿಕೋನ್ ರಬ್ಬರಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಶಬ್ದದ ವೇಗ ನೀರಿನಲ್ಲಿ ಸೆಕೆಂಡಿಗೆ ಸುಮಾರು 1480 ಮೀಟರ್, ಸಿಲಿಕೋನಿನಲ್ಲಿ ಸುಮಾರು 1000. ಇಷ್ಟೇ ವ್ಯತ್ಯಾಸ ಇದ್ದರೆ ಸದ್ದು ಬರೀ ಹಾಳೆಯನ್ನು ಸಲೀಸಾಗಿ ದಾಟಿ ಹೋಗುತ್ತದೆ. ಕೆಲಸ ಮಾಡುವುದು ಒಳಗೆ ಕೂರಿಸಿದ ಗಾಳಿ.

ರಬ್ಬರ್ ಆಕಾರ ಬದಲಿಸುತ್ತದೆ, ಗಾತ್ರ ಬಿಟ್ಟುಕೊಡುವುದಿಲ್ಲ. ಒಳಗೊಂದು ಗಾಳಿಯ ಗುಳಿ ಇದ್ದರೆ ಮಾತ್ರ ಅತ್ತ ಸರಿಯಲು ಅದಕ್ಕೆ ಜಾಗ. ಅಲೆ ಬಂದಾಗ ಗುಳಿಯ ಗೋಡೆ ಒಳಗೂ ಹೊರಗೂ ಆಡುತ್ತದೆ. ಆ ಎಳೆದಾಟದಲ್ಲಿ ಶಕ್ತಿ ಒಂದಿಷ್ಟು ಬಿಸಿಯಾಗಿ ಕಳೆಯುತ್ತದೆ, ಇನ್ನೊಂದಿಷ್ಟು ಬಂದ ದಾರಿಗೇ ವಾಪಸ್. ನನ್ನ ಸಿಲಿಕೋನಿನಲ್ಲಿ 2 ಮಿ.ಮೀ. ಅಗಲದ ದುಂಡು ಗುಳಿ ಲೆಕ್ಕದ ಪ್ರಕಾರ ಸುಮಾರು 8 ಕಿಲೋಹರ್ಟ್ಸ್‌ನಲ್ಲಿ ಜೋರಾಗಿ ಆಡಬೇಕು. ಆ ಸದ್ದಿನ ಅಲೆ ನೀರಿನಲ್ಲಿ 18 ಸೆಂ.ಮೀ. ಉದ್ದ! ಇಷ್ಟು ಚಿಕ್ಕದು ಅಷ್ಟು ದೊಡ್ಡದನ್ನು ಹಿಡಿಯುತ್ತದಲ್ಲ, ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಅದು.

ಉಪಾಯ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು, ಸದ್ದು ಕಳಿಸಿ ಹುಡುಕುವ ಶತ್ರುಗಳಿಗೆ ಸಿಗದಿರಲಿ ಅಂತ, ಯು-480 ಜಲಾಂತರ್ಗಾಮಿಗೆ ತೂತುಗಳಿದ್ದ 4 ಮಿ.ಮೀ. ರಬ್ಬರ್ ಹೊದಿಸಿದ್ದರು. ಆ ಹೊದಿಕೆಯ ಹೆಸರು ಆಲ್ಬೆರಿಷ್. 1945ರ ಆರಂಭದಲ್ಲಿ ಆ ಹಡಗು ಮೈನಿಗೆ, ಅಂದರೆ ನೀರಿನಲ್ಲಿ ಹುದುಗಿಸಿಟ್ಟ ಸಿಡಿಗುಂಡಿಗೆ, ಸಿಕ್ಕಿ ಮುಳುಗಿತು. ಮೈನಿಗೆ ರಬ್ಬರ್ ಲೆಕ್ಕಕ್ಕಿಲ್ಲ ನೋಡಿ.

ನಾನು 1 ಮಿ.ಮೀ. ಅಗಲ, ಅಷ್ಟೇ ಆಳದ ಗುಳಿಗಳನ್ನು ಆರಿಸಿಕೊಂಡೆ. ಗುಳಿ ಚಿಕ್ಕದಾದಷ್ಟೂ ಆವರ್ತನ ಹೆಚ್ಚು, ಅಲೆ ಗಿಡ್ಡ. ಪ್ರಯೋಗಾಲಯದ ತೊಟ್ಟಿಯಲ್ಲಿ ಅಳೆಯಲು ಸುಲಭ. ಅಲ್ಯೂಮಿನಿಯಂ ಅಚ್ಚನ್ನು ಪೀಣ್ಯದ ವರ್ಕ್‌ಶಾಪ್ ಒಂದರಲ್ಲಿ ಮಾಡಿಸಿದೆ. ಪಡ್ಡಿನ ಕಾವಲಿಯನ್ನು ತಿರುಗಿಸಿದ ಹಾಗೆ, ಗುಳಿ ಇರಬೇಕಾದಲ್ಲಿ ಮೊಳೆ. ತ್ರೀಡಿ ಪ್ರಿಂಟರಿನ ರೆಸಿನ್ ಅಚ್ಚು ಅಗ್ಗ, ಆದರೆ ಹಲವು ರೆಸಿನ್‌ಗಳ ಮೇಲೆ ಈ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಲೇಟೆಕ್ಸ್ ಕೈಗವಸಿನದೂ ಅದೇ ಕತೆ. ನೈಟ್ರೈಲ್ ಹಾಕಿಕೊಳ್ಳಿ.

ಹತ್ತು ಪಾಲು ಸಿಲಿಕೋನಿಗೆ ಒಂದು ಪಾಲು ಹಾರ್ಡನರ್. ಕಲಸಿದಾಗ ಸೇರುವ ಗುಳ್ಳೆಯನ್ನೆಲ್ಲ ವ್ಯಾಕ್ಯೂಮಿನಲ್ಲಿ ತೆಗೆಯಬೇಕು. ಗಾಳಿ ತುಂಬುವ ಕೆಲಸಕ್ಕೆ ಮೊದಲು ಗಾಳಿ ತೆಗೆಯುವುದು! ಹಾಳೆ ಗಟ್ಟಿಯಾದ ಮೇಲೆ ಅಚ್ಚಿನಿಂದ ಬಿಡಿಸಿ, ಗುಳಿಗಳ ಬಾಯಿಗೆ ಇನ್ನೊಂದು ತೆಳು ಹಾಳೆ ಅಂಟಿಸುತ್ತೇನೆ. ಅಂಟೂ ಅದೇ ಸಿಲಿಕೋನ್, ಸವರಿದ ಹಾಗಷ್ಟೇ. ಜಾಸ್ತಿಯಾದರೆ ಗುಳಿಗೆ ಇಳಿದು ತುಂಬಿಬಿಡುತ್ತದೆ. ಈ ಜೋಡಣೆಯನ್ನು ಓವನ್‌ಗೆ ಇಡುವುದಿಲ್ಲ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಅಂಟನ್ನು ತಳ್ಳುತ್ತದೆ. ಎರಡು ದಿನ ಹೊರಗೇ ಬಿಟ್ಟರೆ ಸಾಕು.

ತಯಾರಿಗಿಂತ ಅಳತೆ ಕಷ್ಟ. ಸಿಲಿಕೋನಿಗೆ ನೀರು ಹತ್ತುವುದಿಲ್ಲ, ಆದ್ದರಿಂದ ಇಳಿಸಿದ ಕೂಡಲೇ ಮೈತುಂಬ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತವೆ. ಅವೂ ಗಾಳಿಯೇ ಅಲ್ವಾ? ಅವೂ ಸದ್ದು ತಡೆಯುತ್ತವೆ, ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೆ ತೊಟ್ಟಿಯ ನೀರನ್ನು ಹಿಂದಿನ ದಿನವೇ ತುಂಬಿಡುತ್ತೇನೆ, ಹಾಳೆಗೆ ಸೋಪಿನ ನೀರು ಸವರಿ ನಿಧಾನಕ್ಕೆ ಇಳಿಸುತ್ತೇನೆ. ಗುಳಿ ಇಲ್ಲದ ಅಷ್ಟೇ ದಪ್ಪದ ಹಾಳೆಯನ್ನೂ ಪ್ರತಿ ಸಲ ಅಳೆಯುತ್ತೇನೆ. ಅದು ಸದ್ದು ತಗ್ಗಿಸಿತು ಅಂದರೆ ಎಲ್ಲೋ ಗುಳ್ಳೆ ಕೂತಿದೆ ಅಂತಲೇ ಅರ್ಥ.

ಹಾಳೆಯ ಹಿಂದೆ ಇಟ್ಟ ಹೈಡ್ರೋಫೋನಿನಲ್ಲಿ (ನೀರೊಳಗಿನ ಮೈಕಿನಲ್ಲಿ) ಸದ್ದು ಇಳಿದರೆ ಸುಮ್ನೆ ಕುಣಿಯಬೇಡಿ. ಹಾಳೆ ಅದನ್ನು ನುಂಗಿರಬಹುದು, ಅಥವಾ ಬಂದ ಕಡೆಗೇ ವಾಪಸ್ ಎಸೆದಿರಬಹುದು. ಇಂಥ ಒಂದೇ ತೆಳು ಪದರ ನೀರಿನ ಮಧ್ಯೆ ನೇತಾಡುವಾಗ ಹೆಚ್ಚೆಂದರೆ ಅರ್ಧ ಶಕ್ತಿಯನ್ನು ನುಂಗೀತು. ಹಿಂದೆ ಉಕ್ಕಿನ ಹಲಗೆ ಕೊಟ್ಟರೆ ಬಹುಪಾಲು ನುಂಗಿಸಬಹುದು. ಹೀಗಾಗಿ ಎರಡೂ ಕಡೆ ಅಳೆಯದ ಅಂಕಿಯನ್ನು ನಾನು ನಂಬುವುದಿಲ್ಲ.

ಇಷ್ಟೆಲ್ಲ ಆಳವಿಲ್ಲದ ತೊಟ್ಟಿಯ ಮಾತು. 100 ಮೀಟರ್ ಆಳದಲ್ಲಿ ನೀರಿನ ಭಾರವೇ ಹತ್ತು ವಾತಾವರಣದಷ್ಟು. ನನ್ನ ಹಾಳೆಯ ಗುಳಿಗಳು ಅಲ್ಲಿ ಚಪ್ಪಟೆ. ಗಟ್ಟಿ ರಬ್ಬರ್ ಹಾಕಿದರೆ ಗುಳಿ ಉಳಿಯುತ್ತದೆ, ಆದರೆ ಅದು ಆಡುವ ಆವರ್ತನ ಮೇಲೇರುತ್ತದೆ. ಜೊತೆಗೆ ಸಿಲಿಕೋನಿನಲ್ಲಿ ಗಾಳಿಯೂ ನೀರಾವಿಯೂ ಮೆಲ್ಲಗೆ ಓಡಾಡುತ್ತವೆ, ತುಂಬಾ ದಿನ ಮುಳುಗಿಸಿಟ್ಟರೆ ಗುಳಿಯಲ್ಲಿ ತೇವ ಸೇರುತ್ತದೆ. ಅದಕ್ಕೇ ನನ್ನ ಹಾಳೆಗಳು ಇರುವುದು ಒಣ ಡಬ್ಬಿಯಲ್ಲಿ, ನೀರಿಗಿಳಿಯುವುದು ಅಳತೆಯ ಹೊತ್ತಿಗೆ ಮಾತ್ರ.