ಸಹಿ ಹಾಕುವ ಮೊದಲು ಗೇಟಿಗೆ ತೋರಿಸಿ

ಮುಷ್ಕರ ಮುಗಿಸುವ ರಾಜಿ ಮಾತುಕತೆಗೆ ಕಾರ್ಮಿಕ ಸಂಘದ ಕಡೆಯಿಂದ ಐದು ಜನ ಹೋಗುತ್ತೇವೆ ಅಂತಿಟ್ಟುಕೊಳ್ಳಿ. ಸರ್ಕಾರದ ಸಂಧಾನಾಧಿಕಾರಿಯ ಎದುರು ಆಗುವ ಒಪ್ಪಂದ (1947ರ ಕೈಗಾರಿಕಾ ವಿವಾದ ಕಾಯ್ದೆಯ ಕಾಲದಿಂದ, ಅದರ 12(3)ನೇ ಕಲಮಿನ ಹೆಸರಲ್ಲಿ, ನಾವು ಅದನ್ನು ‘ಟ್ವೆಲ್ವ್ ತ್ರೀ’ ಅಂತಲೇ ಕರೆಯೋದು) ಸಂಘದ ಸದಸ್ಯರಲ್ಲದವರನ್ನೂ ನಾಳೆ ಕೆಲಸಕ್ಕೆ ಸೇರುವವರನ್ನೂ ಕಟ್ಟಿಹಾಕುತ್ತದೆ. ಆದ್ದರಿಂದ ಏನನ್ನು ಬಿಟ್ಟುಕೊಡಬಹುದು ಎಂದು ಐವರೇ ತೀರ್ಮಾನಿಸುವುದು ನ್ಯಾಯವಲ್ಲ.

ಲೆಕ್ಕದಿಂದ ಶುರುಮಾಡಬೇಕು. ದಿನಕ್ಕೆ 800 ರೂಪಾಯಿ ದುಡಿಯುವವರು ಕೆಲಸದ 20 ದಿನ ಹೊರಗೆ ಕೂತರೆ 16,000 ಹೋಯಿತು. ಮುಷ್ಕರಕ್ಕೆ ಮುಂಚೆ ಕಂಪನಿ ಒಪ್ಪಿದ್ದಕ್ಕಿಂತ ಕೊನೆಗೆ ತಿಂಗಳಿಗೆ 500 ಹೆಚ್ಚು ಸಿಕ್ಕರೆ, ಕಳೆದದ್ದು ತುಂಬಲು 32 ತಿಂಗಳು ಬೇಕು. ಕಾರ್ಖಾನೆ ಬಾಗಿಲಲ್ಲಿ ಕಾರ್ಮಿಕರೆಲ್ಲ ಸೇರುವ ಗೇಟ್ ಮೀಟಿಂಗಿನಲ್ಲಿ ಮುಷ್ಕರಕ್ಕೆ ಕೈ ಎತ್ತಿಸುವ ಮೊದಲೇ ಇದನ್ನು ಬಿಡಿಸಿ ಹೇಳಬೇಕು. ಹೇಳಿದರೆ ಜನ ಹಿಂಜರಿಯುತ್ತಾರೆ ಅನ್ನುವ ಮುಖಂಡರಿದ್ದಾರೆ. ಮನೆ ಬಾಡಿಗೆ, ಮಕ್ಕಳ ಫೀಸು ಕಟ್ಟಬೇಕಾದವರಿಂದ ಲೆಕ್ಕ ಮುಚ್ಚಿಟ್ಟು ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ.

ಮುಷ್ಕರದ ನೋಟಿಸ್ ವಿಷಯದಲ್ಲಿ ಆತುರ ಬೇಡ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೆ 14 ದಿನಗಳ ಮುನ್ಸೂಚನೆ ಎಲ್ಲ ಕಾರ್ಖಾನೆಗಳಿಗೂ ಅನ್ವಯ. ಅರ್ಧದಷ್ಟು ಜನ ಒಂದೇ ದಿನ ಸಿ.ಎಲ್. (ಸಾಂದರ್ಭಿಕ ರಜೆ) ಹಾಕಿದರೂ ಅದು ಮುಷ್ಕರವೇ. ಹತ್ತು ಜನ ಒಟ್ಟಾಗಿ ನೋಟಿಸ್ ಕೊಡದೆ ಗೈರಾದರೆ 8 ದಿನದ ಸಂಬಳದವರೆಗೆ ಹಿಡಿಯಲು ಅವಕಾಶವಿದೆ.

ಹಣದ ಬೇಡಿಕೆಯಲ್ಲಿ ಇಳಿಯುವುದು ತಪ್ಪಲ್ಲ. ಎಲ್ಲಿಯವರೆಗೆ ಇಳಿಯಬಹುದು ಅನ್ನುವುದನ್ನು ಮೊದಲೇ ಕಾರ್ಯಕಾರಿ ಸಮಿತಿಯಲ್ಲಿ ಬರೆದಿಟ್ಟಿರಬೇಕು, ಅಷ್ಟೆ. ಕಷ್ಟ ಇರುವುದು ಜನರ ವಿಷಯದಲ್ಲಿ. ಕೊನೆಯ ಸುತ್ತಿನಲ್ಲಿ, ಎಲ್ಲರೂ ಸುಸ್ತಾಗಿರುವಾಗ, ಕಂಪನಿಯ ಕಡೆಯಿಂದ ಆ ಮಾತು ಬರುತ್ತದೆ: “ಇನ್ನೂ 400 ಸೇರಿಸುತ್ತೇವೆ, ಅಮಾನತಾದ ಆ ಏಳು ಜನರ ವಿಷಯ ಬಿಟ್ಟುಬಿಡಿ.” ಆ ಏಳು ಜನ ಬೀದಿಗೆ ಬಂದದ್ದು ನಮ್ಮ ತೀರ್ಮಾನದಿಂದ. ಅವರ ನೌಕರಿಯನ್ನು ಉಳಿದವರ 400 ರೂಪಾಯಿಗೆ ಮಾರುವ ಹಕ್ಕು ಬಹುಮತಕ್ಕೂ ಇಲ್ಲ. ಹಣ, ಅಮಾನತು ಎರಡನ್ನೂ ಬೇರೆ ಬೇರೆ ವಿಷಯವಾಗಿ ನಡಾವಳಿಯಲ್ಲಿ ಬರೆಸಿ. ತಕ್ಷಣ ವಾಪಸ್ ತೆಗೆದುಕೊಳ್ಳಲು ಒಪ್ಪದಿದ್ದರೆ, ವಿಚಾರಣೆ 90 ದಿನದೊಳಗೆ ಮುಗಿಯಬೇಕು, ಅಲ್ಲಿಯವರೆಗೆ ಅರ್ಧ ಸಂಬಳದ ಜೀವನಾಧಾರ ಭತ್ಯೆ ತಪ್ಪಬಾರದು ಎಂದು ಷರತ್ತು ಹಾಕಿಸಿ. ಸುದ್ದಿ ಗೇಟಿಗೆ ಮುಟ್ಟುವ ಮೊದಲು ಆ ಏಳು ಜನರನ್ನು ಕೂರಿಸಿಕೊಂಡು ಮುಖಾಮುಖಿ ಹೇಳಿ.

ಕರಡನ್ನು ಓದುವಾಗ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿ: “ಮುಷ್ಕರದಲ್ಲಿ ಭಾಗವಹಿಸಿದ ಕಾರಣಕ್ಕೆ ಯಾರ ಮೇಲೂ ಶಿಸ್ತುಕ್ರಮ ಇರುವುದಿಲ್ಲ, ಗಂಭೀರ ದುರ್ನಡತೆ ಹೊರತುಪಡಿಸಿ.” ಕೊನೆಯ ಮೂರು ಪದ ಇಡೀ ಸಾಲನ್ನೇ ನುಂಗುತ್ತವೆ. ಯಾರ ಮೇಲೆ, ಯಾವ ದಿನದ ಯಾವ ಘಟನೆಗೆ ಎಂಬುದನ್ನು ಅನುಬಂಧದಲ್ಲಿ ಪಟ್ಟಿ ಮಾಡಿಸಿ, “ಇವರ ಹೊರತು ಬೇರೆ ಯಾರ ಮೇಲೂ ಇಲ್ಲ” ಎಂದು ಸೇರಿಸಿ. ವರ್ಗಾವಣೆ ಇಲ್ಲ, ಸೇವೆಯ ನಿರಂತರತೆಗೆ ಧಕ್ಕೆ ಇಲ್ಲ ಎಂಬುದೂ ಬರಲಿ. ಇಲ್ಲದಿದ್ದರೆ ಮುಂದೆ ಗ್ರಾಚ್ಯುಟಿ ಲೆಕ್ಕದಲ್ಲಿ ತಕರಾರು ಏಳುತ್ತದೆ.

ಹೆಚ್ಚಳದ ಹಣ ಎಲ್ಲಿಂದ ಬರುತ್ತದೆ ಎಂದೂ ಕೇಳಬೇಕು. ಉತ್ಪಾದನಾ ಗುರಿಯ ಷರತ್ತಿನ ಹಿಂದೆ ಗುತ್ತಿಗೆ ಕಾರ್ಮಿಕರನ್ನು ಕಡಿಮೆ ಮಾಡುವ ಯೋಜನೆ ಇದ್ದರೆ, ನಮ್ಮ ಹೆಚ್ಚಳಕ್ಕೆ ಬೆಲೆ ತೆರುವವರು ಆ ಕೋಣೆಯಲ್ಲಿ ಕುರ್ಚಿಯೇ ಇಲ್ಲದವರು.

ವಾಪಸ್ ಹೋಗುವ ದಾರಿಯನ್ನು ಹೊರಡುವಾಗಲೇ ನೋಡಿಕೊಳ್ಳಬೇಕು. 1982ರ ಜನವರಿ 18ರಂದು ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಶುರುಮಾಡಿದ ಮುಷ್ಕರವನ್ನು ಯಾರೂ ಔಪಚಾರಿಕವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಜನ ಒಬ್ಬೊಬ್ಬರಾಗಿ, ಷರತ್ತಿಲ್ಲದೆ ಮರಳಿದರು. ಸಾವಿರಾರು ಜನಕ್ಕೆ ಮರಳಲು ಕೆಲಸವೇ ಇರಲಿಲ್ಲ.

ಕರಡನ್ನು ಕನ್ನಡದಲ್ಲಿ ಗೇಟಿನಲ್ಲಿ ಪೂರ್ತಿ ಓದಿ, ಒಂದು ರಾತ್ರಿ ಯೋಚಿಸಲು ಬಿಟ್ಟು, ಮರುದಿನ ಚೀಟಿಯಲ್ಲಿ ಮತ ಹಾಕಿಸಿ. ಕೆಲಸ ಶುರುವಾಗುವ ದಿನ, ಒಪ್ಪಂದದಲ್ಲಿ ಇಲ್ಲದ ಮುಚ್ಚಳಿಕೆ ಬರೆದುಕೊಡಿ ಎಂದು ಸೆಕ್ಯುರಿಟಿಯವರು ಒಬ್ಬೊಬ್ಬರನ್ನೇ ತಡೆಯುವುದುಂಟು. ಸಹಿ ಹಾಕಿದ ಐವರೂ ಒಪ್ಪಂದದ ಪ್ರತಿ ಹಿಡಿದು, ಕೊನೆಯವರ ಪಂಚಿಂಗ್ ಆಗುವವರೆಗೆ ಗೇಟಿನ ಹೊರಗೇ ನಿಂತಿರಬೇಕು.