ಕಗ್ಗಲಡುವಿಗೆ ಒಂದೇ ಲೆನ್ಸ್

ಕ್ಯಾಮೆರಾ ಕೊಂಡ ಹೊಸತರಲ್ಲಿ ನನ್ನ ಹತ್ತಿರ 18-55, 55-200 ಅಂತ ಎರಡು ಲೆನ್ಸ್ ಇದ್ದವು. ಅಂಕಿ ಮಿಲಿಮೀಟರಿನಲ್ಲಿ: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಆ ಜೋಡಿಯ ಋಣ ತೀರಿದ್ದು ಶಿರಾ ಹತ್ತಿರದ ಕಗ್ಗಲಡುವಿನಲ್ಲಿ. ಅಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಮೇಲೆ ಮರಿಗೆ ಗುಟುಕು ಕೊಡುವ ಹಕ್ಕಿ, ಕೆಳಗೆ ಜಗಲಿಯಲ್ಲಿ ರಾಗಿ ಕೇರುವ ಅಜ್ಜಿ. ಹಕ್ಕಿಗೊಂದು, ಅಜ್ಜಿಗೊಂದು ಅಂತ ಬೀದಿಯಲ್ಲೇ ನಿಂತು ಲೆನ್ಸ್ ಬದಲಾಯಿಸಿದೆ. ರಾತ್ರಿ ತುಮಕೂರಿಗೆ ಬಂದು ನೋಡಿದರೆ ಎಲ್ಲ ಫೋಟೋಗಳ ಆಕಾಶದಲ್ಲೂ ಅದೇ ಜಾಗಗಳಲ್ಲಿ ಕಪ್ಪು ಚುಕ್ಕೆ. ಲೆನ್ಸ್ ಬದಲಿಸುವಾಗ ಒಳಗಿನ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕದ ಮೇಲೆ ಧೂಳು ಕೂತಿತ್ತು.

ಎರಡನ್ನೂ ಮಾರಿ, ನಿಕಾನ್ 18-200 ಸೆಕೆಂಡ್ ಹ್ಯಾಂಡ್ ತಗೊಂಡೆ. 2005ರ ಮೊದಲ ಮಾದರಿ. ಡಿಎಕ್ಸ್, ಅಂದರೆ ಸಣ್ಣ ಸೆನ್ಸರಿನ ನಿಕಾನ್ ಕ್ಯಾಮೆರಾದಲ್ಲಿ ಅದು ದೊಡ್ಡ ಸೆನ್ಸರಿನ ಫುಲ್ ಫ್ರೇಮಿನ 27-300ಕ್ಕೆ ಸಮ. ಮತ್ತೆ ಕಗ್ಗಲಡುವಿಗೆ ಹೋದೆ. 200ಕ್ಕೆ ಎಳೆದು ಗೂಡಿನ ಕಡೆ ಎತ್ತಿ ಹಿಡಿದರೆ, ಮುಂದಿನ ಗಾಜಿನ ಭಾರಕ್ಕೆ ಲೆನ್ಸ್ ತಾನೇ ಜಾರಿ ಒಳಗೆ ಬರುತ್ತಿತ್ತು! 2009ರ ಮಾದರಿಯಲ್ಲಿ ಲಾಕ್ ಕೊಟ್ಟಿದ್ದಾರೆ, ಆದರೆ ಅದು ಹಿಡಿಯೋದು 18ರಲ್ಲಿ ಮಾತ್ರ. ಹೆಗಲಿಗೆ ಹಾಕಿಕೊಂಡು ಓಡಾಡುವಾಗ ಉಪಯೋಗ, ಹಕ್ಕಿಗಲ್ಲ. ನಾನು ಜೂಮ್ ರಿಂಗಿನ ಸಂದಿಗೆ ಅಗಲದ ರಬ್ಬರ್ ಬ್ಯಾಂಡ್ ಹಾಕಿದೆ. ನೋಡಕ್ಕೆ ಚೆನ್ನಾಗಿಲ್ಲ, ಕೆಲಸ ಮಾಡುತ್ತೆ.

200ರ ತುದಿಯಲ್ಲಿ ಚಿತ್ರ ಸ್ವಲ್ಪ ಮೆತ್ತಗೆ. 150ರ ಆಸುಪಾಸಿಗೆ ಇಳಿದು ಎಫ್ 8 ಇಟ್ಟಾಗ (ಎಫ್ ಅಂಕಿ ಏರಿದಷ್ಟೂ ಬೆಳಕಿನ ಕಿಂಡಿ ಕಿರಿದು) ಗರಿಯ ಅಂಚು ಚೂಪಾಗಿ ನಿಂತಿತು. ಹಾರುವ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗೆ ಬಿಡಲ್ಲ, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿದರೆ ಏರಲಿ. ಅಜ್ಜಿಯ ಜಗಲಿಯನ್ನು 18ರಲ್ಲಿ ತೆಗೆದಾಗ ಕಂಬಗಳು ಹೊರಕ್ಕೆ ಬಾಗಿದವು. ಎರಡು ಹೆಜ್ಜೆ ಹಿಂದೆ ಸರಿದು 24ರಲ್ಲಿ ತೆಗೆದೆ. ಅಜ್ಜಿ ಮಾತ್ರ, "ಹಕ್ಕೀಗೂ ನಂಗೂ ಒಂದೇ ದುರ್ಬೀನೇನಪ್ಪಾ?" ಅಂದರು.

ಇಷ್ಟಕ್ಕೇ ಹಿಗ್ಗಿ, ಅಕ್ಕನ ಮಗಳ ಮದುವೆಗೂ ಇದೊಂದನ್ನೇ ಒಯ್ದೆ. ಬೆಳಗಿನ ಜಾವದ ಮುಹೂರ್ತ, ಮಂಟಪದ ಹಳದಿ ಬಲ್ಬು. ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆ, ವಿಆರ್, ನನ್ನ ಕೈ ನಡುಕ ತಡೆಯಿತು, ತಾಳಿ ಕಟ್ಟುವವನ ಕೈ ಓಡಾಟ ತಡೆಯುತ್ತದೆಯೇ? ಎಲ್ಲ ಮಸುಕು. 35ಕ್ಕೆ ಬರುವಷ್ಟರಲ್ಲೇ ಈ ಲೆನ್ಸ್ ಎಫ್ 4 ದಾಟಿರುತ್ತೆ. ಆಮೇಲೆ 35 ಎಂಎಂ ಎಫ್ 1.8 ಕೊಂಡೆ, ಅದೇ 35ರಲ್ಲಿ ಅದು ಐದಾರು ಪಟ್ಟು ಬೆಳಕು ಒಳಗೆ ಬಿಡುತ್ತೆ. ಈಗ ಲಗ್ನಪತ್ರಿಕೆ ಬಂದರೆ ಮೊದಲು ಮುಹೂರ್ತದ ಹೊತ್ತು ನೋಡುತ್ತೇನೆ. ನಸುಕಿನಲ್ಲಿದ್ದರೆ 18-200 ಮನೆಯಲ್ಲೇ.