ಮುಯ್ಯಿ ಪುಸ್ತಕದಿಂದ ಹೊರಟ ಮದುವೆಯ ಕರೆ

2025ರ ವೈಶಾಖಕ್ಕೆ ತಂಗಿಯ ಮದುವೆ ನಿಶ್ಚಯವಾದಾಗ ಕಲ್ಯಾಣ ಮಂಟಪ, ಅಡುಗೆಯವರ ಹೊಣೆಯನ್ನು ಅಣ್ಣ ವಹಿಸಿಕೊಂಡ. ಆಮಂತ್ರಣ ಪತ್ರಿಕೆಯ ಕೆಲಸ ಪೂರ್ತಿಯಾಗಿ ನನ್ನ ಪಾಲಿಗೆ ಬಂತು. ನಮ್ಮ ದಾವಣಗೆರೆಯಲ್ಲಿ ಬಹಳ ಮಂದಿ ಮೊದಲು ಅಂಗಡಿಗೆ ಹೋಗಿ ಕಾರ್ಡ್ ಆರಿಸುತ್ತಾರೆ, ಯಾರಿಗೆ ಕೊಡಬೇಕೆಂಬ ಯೋಚನೆ ಆಮೇಲೆ. ನಾನು ಪಟ್ಟಿ ಮುಗಿಯುವ ತನಕ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಕರೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಪಟ್ಟಿಯದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಟ್ಟಿಗೆ ಆಧಾರವಾದದ್ದು ಅಣ್ಣನ ಮದುವೆಯ ಮುಯ್ಯಿ ಪುಸ್ತಕ, ಅಂದರೆ ಬಂದವರು ಕೊಟ್ಟ ಉಡುಗೊರೆ ಹಣವನ್ನು ಬರೆದಿಟ್ಟ ಪುಸ್ತಕ. ಉದ್ದನೆಯ ಗೆರೆ ಹಾಳೆಯ ನೋಟ್‌ಬುಕ್, ಮೊದಲ ಪುಟದ ಮೂಲೆಗಳಿಗೆ ಅರಿಶಿನ, ಒಳಗೆ ಮೊದಲು ಊರು, ಆಮೇಲೆ ಹೆಸರು, ಕೊನೆಗೆ ಮೊತ್ತ. ಹಣದ ಲೆಕ್ಕವನ್ನು ಬದಿಗಿಟ್ಟು ನೋಡಿದರೆ ಅದು ನಮ್ಮ ಮನೆಯ ಶುಭಕಾರ್ಯಕ್ಕೆ ಯಾರು ಬಂದು ನಿಂತಿದ್ದರು ಎಂಬುದರ ದಾಖಲೆ. ಅಮ್ಮ ಮತ್ತು ದೊಡ್ಡಪ್ಪ ಕೂತು ಒಂದೊಂದೇ ಸಾಲನ್ನು ಓದಿಸಿಕೊಂಡರು. “ಈ ಮನೆಯಲ್ಲಿ ಅಣ್ಣತಮ್ಮಂದಿರು ಈಗ ಬೇರೆಯಾಗಿದ್ದಾರೆ, ಇಬ್ಬರಿಗೂ ಬರಿ” ಎಂದರು ದೊಡ್ಡಪ್ಪ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ಒಲೆ ಬೇರೆಯಾದರೆ ಕಾರ್ಡೂ ಬೇರೆ. ಮಗನ ಮನೆಯಲ್ಲಿರುವ ವಿಧವೆ ಅತ್ತೆ, ಚಿಕ್ಕಮ್ಮಂದಿರ ಹೆಸರಿಗೆ ಒಲೆ ಒಂದೇ ಇದ್ದರೂ ಪ್ರತ್ಯೇಕ ಕಾರ್ಡ್ ಇರಲಿ ಎಂದು ಅಮ್ಮ ಸೇರಿಸಿದರು. ಅಂಥವರ ಹೆಸರನ್ನು ಲಕೋಟೆಯ ಮೇಲೆ ಬರೆಯುವವರೇ ಕಡಿಮೆ. ತನ್ನ ಹೆಸರು ಕಂಡ ಅತ್ತೆಯೊಬ್ಬರು ಆ ಲಕೋಟೆಯನ್ನು ಸೊಸೆಯ ಕೈಗೆ ಕೊಡದೆ ದೇವರ ಮುಂದೆ ತಾವೇ ಇಟ್ಟುಕೊಂಡರು.

ಆಮೇಲೆ ಪಟ್ಟಿಯನ್ನು ದಾರಿಗಳ ಪ್ರಕಾರ ಒಡೆದೆ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಒಂದು ದಾರಿ. ಸಂತೇಬೆನ್ನೂರು, ಚನ್ನಗಿರಿ ಇನ್ನೊಂದು. ಆನಗೋಡು, ಭರಮಸಾಗರ, ಚಿತ್ರದುರ್ಗ ಹೆದ್ದಾರಿಯ ಗುಂಟ. ಜಗಳೂರಿಗೆ ಬೇರೆಯದೇ ದಿನ. ಊರೊಳಗಿನದನ್ನು ಹಳೇಪೇಟೆ, ವಿದ್ಯಾನಗರ, ನಿಟ್ಟುವಳ್ಳಿ ಎಂದು ಬಡಾವಣೆವಾರು ಬರೆದುಕೊಂಡೆ. ಈ ವಿಂಗಡಣೆ ಇಲ್ಲದಿದ್ದರೆ ಒಂದೇ ಊರಿಗೆ ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಪಕ್ಕದ ಮನೆಗೆ ಬಂದು ನಮ್ಮ ಮನೆಗೆ ಬರಲಿಲ್ಲ ಎಂಬ ನೋವು ಯಾರಿಗಾದರೂ ಉಳಿಯುತ್ತದೆ.

ಮುದ್ರಣದ ವಿಷಯ. ಶಿವಕಾಶಿಯ ರೆಡಿಮೇಡ್ ಕಾರ್ಡುಗಳಲ್ಲಿ ಮಡಿಕೆ ಕಡಿಮೆ ಇರುವ, ದಪ್ಪ ಕಾಗದದ, ತಿಳಿ ಬಣ್ಣದ್ದನ್ನು ಆರಿಸಿದೆ. ಕಡು ಕೆಂಪಿನ ಮೇಲೆ ಚಿನ್ನದ ಅಕ್ಷರ ಅಂಗಡಿಯ ದೀಪದಲ್ಲಿ ಮಾತ್ರ ಚೆಂದ; ವಯಸ್ಸಾದವರು ಮನೆಯ ಪಡಸಾಲೆಯಲ್ಲಿ ಅದನ್ನು ಓದಲಾರರು. ಮುದ್ರಕರು ವಧೂವರರ ವಯಸ್ಸಿನ ದಾಖಲೆ ಕೇಳಿದರು. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕೆಂಬ ಕಾನೂನಿದೆಯಲ್ಲ, ಅದಕ್ಕೆ. ಕೇಳಿದ್ದು ನನಗೆ ಮೆಚ್ಚುಗೆಯಾಯಿತು. ಪ್ರತಿಯೊಂದು ಅಂಗಡಿಯೂ ಹೀಗೆಯೇ ಕೇಳಬೇಕು.

ಪ್ರೂಫ್ ನೋಡುವಾಗ ಮಾತ್ರ ಅವಸರ ಕೂಡದು. ನಾನು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳುಹಿಸಿದ ಮ್ಯಾಟರನ್ನು ಅಂಗಡಿಯವರು ತಮ್ಮ ಕಂಪ್ಯೂಟರಿನ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಂಡರು. ಆ ಬದಲಾವಣೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಜಾಗ ತಪ್ಪುತ್ತವೆ. ಹಾಗಾಗಿ ಪರದೆಯ ಮೇಲೆ ನೋಡಿ ಒಪ್ಪಿಗೆ ಕೊಡದೆ ಕಾಗದದ ಮೇಲೆ ತೆಗೆಸಿದೆ. ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮೂಲದ ಮೇಲೆ ಬೆರಳಿಟ್ಟು ನೋಡುವುದು. ಸಂವತ್ಸರದ ಸಾಲಿನಲ್ಲಿ ಅಂಗಡಿಯ ಹಳೆಯ ನಮೂನೆಯ “ಶಾಲಿವಾಹನ ಶಕೆ 1946, ಕ್ರೋಧಿ ನಾಮ ಸಂವತ್ಸರ” ಹಾಗೆಯೇ ಉಳಿದಿತ್ತು. ನಾವು ಮುದ್ರಿಸಿದ್ದು ಯುಗಾದಿಗೆ ಮುಂಚೆ, ಮದುವೆ ಯುಗಾದಿಯ ನಂತರ. ಅದು 1947, ವಿಶ್ವಾವಸು ಆಗಬೇಕು. ಇಂಗ್ಲಿಷ್ ತಾರೀಖು ಸರಿಯಿದ್ದರೆ ಸಾಕೆಂದು ಬಿಟ್ಟಿದ್ದರೆ ಲಗ್ನ ಪತ್ರಿಕೆ ಬರೆದುಕೊಟ್ಟ ಸ್ವಾಮಿಗಳಿಗೆ ಅಗೌರವವಾಗುತ್ತಿತ್ತು.

ಕರೆಯುವವರ ಹೆಸರಿನ ಬಗ್ಗೆ ಮನೆಯಲ್ಲಿ ಚರ್ಚೆಯೇ ನಡೆಯಿತು. ಅಪ್ಪ ಇಲ್ಲದ್ದರಿಂದ ದೊಡ್ಡಪ್ಪ, ದೊಡ್ಡಮ್ಮನ ಹೆಸರಿನಲ್ಲಿ ಕರೆಯೋಣ ಎಂದರು ಕೆಲವು ಹಿರಿಯರು. ನಾನು ಒಪ್ಪಲಿಲ್ಲ. ತಂಗಿಯನ್ನು ಸಾಕಿ, ಓದಿಸಿ ದಡ ಮುಟ್ಟಿಸಿದವರು ಅಮ್ಮ. ಮದುವೆಗೆ ಕರೆಯುವವರೂ ಅವರೇ ಆಗಬೇಕು ಎಂದೆ. ದೊಡ್ಡಪ್ಪನೇ ನನ್ನ ಮಾತಿಗೆ ದನಿಗೂಡಿಸಿ, “ಮೊದಲು ನಿಮ್ಮಮ್ಮನ ಹೆಸರು, ಪಕ್ಕದಲ್ಲಿ ಲಿಂಗೈಕ್ಯ ಎಂದು ನಿಮ್ಮಪ್ಪನ ಹೆಸರು, ನಮ್ಮದು ಸುಖಾಗಮನ ಬಯಸುವವರ ಸಾಲಿನಲ್ಲಿರಲಿ” ಎಂದು ತೀರ್ಮಾನಿಸಿದರು. ಹಂಚುವಾಗಲೂ ಅಷ್ಟೆ. ಅರಿಶಿನ ಕುಂಕುಮ ಕೊಡಲು ದೊಡ್ಡಮ್ಮ ಜೊತೆಗಿದ್ದರು, ಆದರೆ ಕಾರ್ಡು ಅಮ್ಮನ ಕೈಯಿಂದಲೇ ಹೋಯಿತು. ಒಂದು ಮನೆಯಲ್ಲೂ ಯಾರೂ ಮುಖ ಸಿಂಡರಿಸಲಿಲ್ಲ.

ಮೊದಲ ಕಾರ್ಡುಗಳನ್ನು ಮನೆದೇವರಿಗೂ ನಗರದೇವತೆ ದುರ್ಗಾಂಬಿಕೆಗೂ ಅರ್ಪಿಸಿ ಹಂಚಲು ಹೊರಟೆವು. ಭದ್ರಾ ನಾಲೆಯ ಭತ್ತದ ಊರುಗಳಲ್ಲಿ ಬೆಳಿಗ್ಗೆ ಎಂಟರೊಳಗೆ ತಲುಪಬೇಕು, ಇಲ್ಲವೇ ದೀಪ ಹಚ್ಚುವ ಹೊತ್ತಿಗೆ ಹೋಗಬೇಕು. ನಡುವೆ ಹೋದರೆ ಬೀಗ ಹಾಕಿದ ಬಾಗಿಲು. ಆ ವರ್ಷ ಸಾವು ಕಂಡ ಮನೆಗಳಿಗೆ ಕಾರ್ಡ್ ಹಿಡಿದು ಹೋಗಲಿಲ್ಲ. ಮೊದಲು ಬರಿಗೈಯಲ್ಲಿ ಮಾತನಾಡಿಸಿಕೊಂಡು ಬಂದು, ಕೆಲವು ದಿನ ಬಿಟ್ಟು ಕರೆದೆವು. ಸಮಯ ಹೆಚ್ಚು ಹಿಡಿಯಿತು, ಹಿಡಿಯಲಿ.

ಬೆಂಗಳೂರು, ಪುಣೆಯವರಿಗೆ ವಾಟ್ಸ್ಆ್ಯಪ್. ಮೊದಲು ಅಮ್ಮನಿಂದ ಫೋನ್ ಮಾಡಿಸಿ, ಆಮೇಲೆ ಒಬ್ಬೊಬ್ಬರಿಗೆ ಹೆಸರು ಬರೆದು ಕಾರ್ಡಿನ ಚಿತ್ರ ಕಳುಹಿಸಿದೆ. ಗುಂಪಿಗೆ ಹಾಕಿದ್ದನ್ನು ಕರೆಯೆಂದು ನಾನು ಎಣಿಸುವುದಿಲ್ಲ. ಮದುವೆ ಆಮಂತ್ರಣದ ಹೆಸರಿನಲ್ಲಿ ಎಪಿಕೆ ಫೈಲ್ (ಮೊಬೈಲಿನಲ್ಲಿ ಆ್ಯಪ್ ಹಾಕುವ ಫೈಲ್) ಕಳುಹಿಸಿ ಮೊಬೈಲಿನಿಂದ ಹಣ ದೋಚುವ ವಂಚನೆ ನಡೆದಿರುವುದರಿಂದ ಜನ ಅಪರಿಚಿತ ಫೈಲ್ ತೆರೆಯಲು ಹೆದರುತ್ತಾರೆ. ಹೆದರುವುದೇ ಸರಿ. ಫೋನ್ ಮೊದಲು ಹೋದರೆ ಆ ಅನುಮಾನ ಇರುವುದಿಲ್ಲ.

ಇನ್ನೊಂದು ಮಾತು. ಎಲ್ಲವನ್ನೂ ಹಂಚಿ ಮುಗಿಸಬೇಡಿ. ವಿವಾಹ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಮಂತ್ರಣ ಪತ್ರಿಕೆಯನ್ನೂ ಕೇಳುತ್ತಾರೆ. ನಮ್ಮ ತಂಗಿಯನ್ನು ಮನೆಯಲ್ಲಿ ಕರೆಯುವ ಹೆಸರೇ ಬೇರೆ, ಆಧಾರ್‌ನಲ್ಲಿರುವುದೇ ಬೇರೆ. ಕಾರ್ಡಿನಲ್ಲಿ ಎರಡನ್ನೂ ಹಾಕಿಸಿದ್ದರಿಂದ ಅರ್ಜಿ ಅಲ್ಲಿ ಎಲ್ಲೂ ತಡೆಯಲಿಲ್ಲ.